ಚೌಕಿಗೊಂದು, ರಂಗಸ್ಥಳಕ್ಕೊಂದು: ಎರಡು ಮಿರರ್‌ಲೆಸ್ ಕ್ಯಾಮೆರಾಗಳ ಹೋಲಿಕೆ

ಮುಂಬಯಿಯ ಮಾಟುಂಗದ ಕನ್ನಡ ಬಳಗವೊಂದರ ತಿಂಗಳ ಕೂಟದಲ್ಲಿ ನಾನು ಆಡಿದ ಮಾತುಗಳ ಬರಹ ರೂಪವಿದು. ಚೌಕಿ ಎಂದರೆ ಯಕ್ಷಗಾನದಲ್ಲಿ ವೇಷ ಕಟ್ಟುವ ಕೋಣೆ, ರಂಗಸ್ಥಳ ಎಂದರೆ ಆಟ ನಡೆಯುವ ವೇದಿಕೆ; ಮಿರರ್‌ಲೆಸ್ ಎಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವು ಕಡೆ ಮಾತನ್ನು ಹಿಗ್ಗಿಸಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡು ಮೂರನ್ನು ಅವು ಸೇರಬೇಕಾದ ಜಾಗದಲ್ಲೇ ಸೇರಿಸಿದ್ದೇನೆ.

ಮೊದಲಿಗೆ ಎರಡು ಚಿತ್ರಗಳು. ಎರಡನ್ನೂ ಇಲ್ಲಿಂದ ಕೂಗಳತೆಯಲ್ಲಿರುವ, ಹಳಿಗಳಿಗೆ ಎದುರಾದ ಮನೆಯೊಂದರ ಬಾಲ್ಕನಿಯಿಂದ ತೆಗೆದೆ. ಮಾಟುಂಗದಲ್ಲಿ ನಿಲ್ಲದೆ ಹೋಗುವ ಫಾಸ್ಟ್ ಲೋಕಲ್ ಒಂದು ಎಡದಿಂದ ಬಲಕ್ಕೆ ಹಾಯುತ್ತಿದೆ. ಮೊದಲ ಚಿತ್ರದಲ್ಲಿ ಡಬ್ಬಿಯ ಬಾಗಿಲು, ಕಿಟಕಿಯ ಸರಳು, ಬಾಗಿಲ ಕಂಬ ಹಿಡಿದು ನಿಂತ ಹುಡುಗ ಎಲ್ಲವೂ ನೆಟ್ಟಗಿವೆ. ಎರಡನೆಯ ಚಿತ್ರದಲ್ಲಿ ಇಡೀ ರೈಲು ಗಾಳಿಗೆ ಬಾಗಿದ ಪೈರಿನಂತೆ ಒಂದೇ ಕಡೆಗೆ ವಾಲಿದೆ. ಮಾಡು ಹಿಂದೆ ಉಳಿದು ಗಾಲಿಗಳು ಮುಂದೆ ಓಡಿದಂತಿದೆ, ಹಿಂದಿನ ಕಟ್ಟಡ ಮಾತ್ರ ಏನೂ ಆಗದವರಂತೆ ನೇರವಾಗಿ ನಿಂತಿದೆ. ಮೊದಲನೆಯದನ್ನು ತೆಗೆದದ್ದು ನಿಕಾನ್ ಝಡ್ 8, ಎರಡನೆಯದನ್ನು ತೆಗೆದದ್ದು ಸೋನಿ ಎ7ಆರ್ 5. ಎರಡೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿದ್ದವು, ಶಟರ್ ವೇಗ ಎರಡಕ್ಕೂ ಒಂದೇ, ಸೆಕೆಂಡಿನ ಎರಡು ಸಾವಿರದ ಒಂದು ಭಾಗ.

ಅಷ್ಟು ಚಿಕ್ಕ ಕ್ಷಣದಲ್ಲಿ ರೈಲು ವಾಲಲು ಸಮಯವಾದರೂ ಎಲ್ಲಿತ್ತು ಎಂದು ಸಭೆಯ ಹಿಂದಿನ ಸಾಲಿನಿಂದ ಒಬ್ಬರು ಕೂಡಲೇ ಕೇಳಿದರು. ಸರಿಯಾದ ಪ್ರಶ್ನೆ. ಇಂದಿನ ನನ್ನ ಮಾತೆಲ್ಲ ಇದರ ಉತ್ತರದ ಸುತ್ತಲೇ ತಿರುಗುತ್ತದೆ.

ಸೆನ್ಸರ್ ಎಂಬುದು ಬೆಳಕನ್ನು ಹಿಡಿಯುವ ಕೋಟ್ಯಂತರ ಚಿಕ್ಕ ಬಟ್ಟಲುಗಳ ಸಾಲುಗಳು. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಈ ಸಾಲುಗಳನ್ನೆಲ್ಲ ಒಟ್ಟಿಗೆ ಓದುವುದಿಲ್ಲ. ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದರಂತೆ ಓದುತ್ತಾ ಬರಲಾಗುತ್ತದೆ. ಪ್ರತಿ ಸಾಲೂ ಬೆಳಕಿಗೆ ತೆರೆದಿರುವುದು ಎರಡು ಸಾವಿರದ ಒಂದು ಭಾಗ ಮಾತ್ರ ಎಂಬುದು ನಿಜವೇ, ಆದರೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರಲು ಬೇಕಾಗುವ ಕಾಲವೇ ಬೇರೆ. ಸೋನಿಯ 6336 ಸಾಲುಗಳನ್ನು ಓದಿ ಮುಗಿಸಲು ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ನಿಕಾನಿನ 5504 ಸಾಲುಗಳಿಗೆ ಸುಮಾರು 270ರ ಒಂದು ಭಾಗ ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ಲೋಕಲ್ ಸೆಕೆಂಡಿಗೆ ಹದಿನಾರೂಮುಕ್ಕಾಲು ಮೀಟರ್ ಹತ್ತಿರ ಓಡುತ್ತದೆ. ಎಂದರೆ ಸೋನಿ ತನ್ನ ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಓದುವಷ್ಟರಲ್ಲಿ ರೈಲು ಒಂದೂವರೆ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ನಿಕಾನ್ ಓದಿ ಮುಗಿಸುವಾಗ ಆರು ಸೆಂಟಿಮೀಟರ್ ಮಾತ್ರ. ನನ್ನ ಚಿತ್ರದಲ್ಲಿ ರೈಲು ಚೌಕಟ್ಟಿನ ಅರ್ಧ ಎತ್ತರವನ್ನಷ್ಟೇ ತುಂಬಿದ್ದರಿಂದ ವಾಲಿದ್ದೂ ಅದರ ಅರ್ಧ. ಆದರೂ ಬಾಗಿಲಲ್ಲಿ ನಿಂತ ಹುಡುಗ ಹಿಂದಕ್ಕೆ ಬೀಳುತ್ತಿದ್ದಾನೆ ಎನ್ನಿಸುವುದಕ್ಕೆ ಅಷ್ಟು ಸಾಕಾಯಿತು.

ಈ ಅಂತರ ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಝಡ್ 8ರಲ್ಲಿರುವುದು ಸ್ಟ್ಯಾಕ್ಡ್ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಪದರದ ಬೆನ್ನಿಗೇ ಓದಿದ್ದನ್ನು ಕೂಡಲೇ ಇಳಿಸಿಕೊಳ್ಳುವ ಸರ್ಕ್ಯೂಟ್ ಪದರವನ್ನು ಅಂಟಿಸಿದ ಸೆನ್ಸರ್. ಇದೇ ಸೆನ್ಸರನ್ನು ನಿಕಾನ್ 2021ರ ಕೊನೆಯಲ್ಲಿ ಝಡ್ 9ರಲ್ಲಿ ತಂದಿತು, 2023ರ ಮೇ ತಿಂಗಳಲ್ಲಿ ಚಿಕ್ಕ ಮೈಕಟ್ಟಿನ ಝಡ್ 8ಕ್ಕೆ ಇಳಿಸಿತು. ಲೋಹದ ಪರದೆಯ ಶಟರ್ ಚೌಕಟ್ಟನ್ನು ದಾಟಲು ತೆಗೆದುಕೊಳ್ಳುವ ಕಾಲವೂ ಹೆಚ್ಚುಕಡಿಮೆ ಸೆಕೆಂಡಿನ 250ರ ಒಂದು ಭಾಗವೇ. ಸೆನ್ಸರೇ ಆ ವೇಗದಲ್ಲಿ ಓದುವುದಾದರೆ ಪರದೆ ಏಕೆ ಬೇಕು ಎಂಬ ಲೆಕ್ಕದಲ್ಲಿ ಝಡ್ 8ರಲ್ಲಿ ಯಾಂತ್ರಿಕ ಶಟರನ್ನು ಇಟ್ಟೇ ಇಲ್ಲ. ಕ್ಲಿಕ್ ಎಂದು ಕೇಳಿಸುವುದು ಸ್ಪೀಕರಿನಿಂದ ಬರುವ ನಕಲಿ ಸದ್ದು, ಬೇಡವೆಂದರೆ ಮುಚ್ಚಬಹುದು. ಸೋನಿ ಎ7ಆರ್ 5 ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅದರ ಸೆನ್ಸರ್ ಸ್ಟ್ಯಾಕ್ಡ್ ಜಾತಿಯದಲ್ಲ; ನಿಧಾನವಾಗಿ ಓದುತ್ತದೆ, ಆದರೆ 61 ಮೆಗಾಪಿಕ್ಸೆಲ್ ಓದುತ್ತದೆ. ಅದಕ್ಕೆ ಯಾಂತ್ರಿಕ ಶಟರ್ ಇದೆ, ಅದನ್ನು ಬಳಸಿದರೆ ಅದರಲ್ಲೂ ರೈಲು ನೆಟ್ಟಗೇ ಬರುತ್ತದೆ. ಸೋನಿಯನ್ನು ಕೆಟ್ಟದಾಗಿ ತೋರಿಸಲು ಮೊದಲ ಚಿತ್ರಗಳನ್ನು ಆರಿಸಿದ್ದೇನೆಂದು ಯಾರೂ ತಿಳಿಯಬಾರದೆಂದು ಇದನ್ನು ಈಗಲೇ ಹೇಳಿದ್ದು. ಸದ್ದಿಲ್ಲದಿರುವುದು ಬೇಕು, ವಸ್ತುವೂ ಚಲಿಸುತ್ತಿದೆ ಎಂಬ ಎರಡು ಷರತ್ತುಗಳು ಒಟ್ಟಿಗೆ ಬಿದ್ದಾಗ ಮಾತ್ರ ಅದು ಸೋಲುತ್ತದೆ. ದುರದೃಷ್ಟವಶಾತ್ ನನ್ನ ಕೆಲಸದಲ್ಲಿ ಅವೆರಡೂ ಒಟ್ಟಿಗೇ ಬೀಳುತ್ತವೆ.

ನನ್ನ ಬಳಿ ಇರುವುದು ಝಡ್ 8. ಸೋನಿಯನ್ನು ಡೊಂಬಿವಿಲಿಯ ಸ್ನೇಹಿತರೊಬ್ಬರಿಂದ ಮೂರು ತಿಂಗಳಿಗೆ ಎರವಲು ತಂದಿದ್ದೆ. ಎರಡೂ ನಮ್ಮ ದೇಶದಲ್ಲಿ ಬಿಡುಗಡೆಯಾದಾಗ ಲೆನ್ಸಿಲ್ಲದ ಮೈಯೊಂದಕ್ಕೇ ಮೂರು ಲಕ್ಷ ರೂಪಾಯಿ ದಾಟಿದವು, ಆದ್ದರಿಂದ ಎರಡನ್ನೂ ಕೊಂಡುಬಿಡಿ ಎಂದು ಸಲಹೆ ಕೊಡುವ ಸ್ಥಿತಿಯಲ್ಲಿ ನಾನಂತೂ ಇಲ್ಲ.

ಈಗ ಮೆಗಾಪಿಕ್ಸೆಲ್‌ನ ವಿಷಯ. 61 ಎಂಬ ಸಂಖ್ಯೆಯನ್ನು 45.7ರ ಪಕ್ಕದಲ್ಲಿಟ್ಟರೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಕಾಣುತ್ತದೆ. ಅಂಗಳದಲ್ಲಿ ರಂಗೋಲಿ ಇಟ್ಟವರಿಗೆ ಇಲ್ಲಿಯ ಮೋಸ ತಕ್ಷಣ ಹೊಳೆಯುತ್ತದೆ. ಹತ್ತು ಸಾಲು ಹತ್ತು ಚುಕ್ಕಿಯ ರಂಗೋಲಿಗೆ ನೂರು ಚುಕ್ಕಿ ಬೇಕು, ಹನ್ನೆರಡು ಸಾಲಿನದಕ್ಕೆ ನೂರ ನಲವತ್ತನಾಲ್ಕು. ಹಿಟ್ಟು ಹೆಚ್ಚು ಖರ್ಚಾದರೂ ಅಗಲ ಬೆಳೆದದ್ದು ಎರಡೇ ಚುಕ್ಕಿ. ಹಾಗೆಯೇ ಸೋನಿಯ ಚಿತ್ರ 9504 ಬಿಂದು ಅಗಲ, ನಿಕಾನಿನದು 8256. ವ್ಯತ್ಯಾಸ ನೂರಕ್ಕೆ ಹದಿನೈದು. ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ ಮುದ್ರಿಸಿದರೆ ಒಂದು ಸುಮಾರು ಮೂವತ್ತೊಂದೂವರೆ ಇಂಚು ಅಗಲಕ್ಕೆ ಬರುತ್ತದೆ, ಇನ್ನೊಂದು ಇಪ್ಪತ್ತೇಳೂವರೆ ಇಂಚಿಗೆ. ನಾಲ್ಕು ಇಂಚಿನ ಈ ಅಂತರ ಕೆಲವು ಕೆಲಸಗಳಲ್ಲಿ ಲೆಕ್ಕಕ್ಕೇ ಬಾರದು, ಕೆಲವು ಕೆಲಸಗಳಲ್ಲಿ ಅದೇ ಎಲ್ಲ.

ಲೆಕ್ಕಕ್ಕೆ ಬರುವ ಕೆಲಸಕ್ಕೆ ಉದಾಹರಣೆಯೆಂದರೆ ನಮ್ಮ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ಇನ್ನೂ ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿನ್ಯಾಸದ, 1878ರಲ್ಲಿ ಕೆಲಸ ಆರಂಭವಾಗಿ ಹತ್ತು ವರ್ಷ ಹಿಡಿದ ಈ ಕಟ್ಟಡ 2004ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ದಿನಾ ಅದರ ಕೆಳಗೆ ಓಡಾಡುವ ನಾವು ಗಡಿಯಾರವನ್ನು ನೋಡುತ್ತೇವೆಯೇ ಹೊರತು ಕಲ್ಲನ್ನು ನೋಡುವುದಿಲ್ಲ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕೂತಿವೆ. ಒಂದು ಬ್ರಿಟನ್ನಿನ ಗುರುತು, ಒಂದು ಭಾರತದ್ದು. ಗೋಡೆಯ ತುಂಬ ಎಲೆ, ಬಳ್ಳಿ, ಪ್ರಾಣಿ, ಪಕ್ಷಿಗಳು, ಕೆತ್ತನೆಯಲ್ಲಿ ಜೆ. ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ. ನಾನು ಸಂಜೆಯ ಓರೆ ಬಿಸಿಲಿನಲ್ಲಿ ರಸ್ತೆಯ ಆಚೆ ನಿಂತು ಎರಡೂ ಕ್ಯಾಮೆರಾಗಳಿಂದ ಇಡೀ ಮುಖಮಂಟಪವನ್ನು ಎಫ್ 8ರಲ್ಲಿ ಹಿಡಿದೆ (ಎಫ್ ಎಂಬುದು ಲೆನ್ಸಿನಲ್ಲಿ ಬೆಳಕು ತೂರುವ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ನಿಕಾನಿನ ಚಿತ್ರದಲ್ಲಿ ಕಮಾನಿನ ಬಳ್ಳಿಯ ಎಲೆಗಳು ಎಲೆಗಳಾಗಿಯೇ ಇದ್ದವು. ಸೋನಿಯದರಲ್ಲಿ ಎಲೆಯ ನಡುನರ ಕಂಡಿತು, ಉಳಿಯ ಏಟು ತಪ್ಪಿ ಚಕ್ಕೆ ಎದ್ದ ಜಾಗ ಕಂಡಿತು. ಎಫ್ 16ಕ್ಕೆ ಕಿರಿದಾಗಿಸಿ ಮತ್ತೆ ತೆಗೆದಾಗ ಆ ಹೆಚ್ಚಳ ಬಹುಮಟ್ಟಿಗೆ ಅಳಿಸಿಹೋಯಿತು. ಸಣ್ಣ ಕಿಂಡಿಯಲ್ಲಿ ತೂರುವಾಗ ಬೆಳಕು ತಾನೇ ಹರಡಿಕೊಳ್ಳುತ್ತದೆ. ಸೋನಿಯ ಒಂದೊಂದು ಬಿಂದುವೂ 3.76 ಮೈಕ್ರಾನ್ ಮಾತ್ರ ಇರುವಾಗ ಆ ಹರಡಿಕೆ ಹಲವು ಬಿಂದುಗಳನ್ನು ನುಂಗಿಬಿಡುತ್ತದೆ. 61 ಮೆಗಾಪಿಕ್ಸೆಲ್ ಕೊಂಡವರು ಅಭ್ಯಾಸಬಲದಿಂದ ಎಫ್ 16ರಲ್ಲಿ ನಿಸರ್ಗದೃಶ್ಯ ತೆಗೆಯುತ್ತಿದ್ದರೆ ಕೊಟ್ಟ ದುಡ್ಡಿನ ಒಂದು ಭಾಗವನ್ನು ಕ್ಯಾಮೆರಾದಿಂದ ಹಿಂದೆ ಪಡೆಯುತ್ತಲೇ ಇಲ್ಲ ಎಂದರ್ಥ.

ಕಲ್ಲಿನ ಕೆಲಸಕ್ಕೆ ಸೋನಿಯ ಇನ್ನೊಂದು ಅನುಕೂಲ ಪಿಕ್ಸೆಲ್ ಶಿಫ್ಟ್. ಸೆನ್ಸರನ್ನು ಕೂದಲೆಳೆಯಷ್ಟೂ ಅಲ್ಲದ ಅಂತರದಲ್ಲಿ ಸರಿಸುತ್ತಾ 16 ಚಿತ್ರ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಸೆದು 24 ಕೋಟಿ ಬಿಂದುಗಳ ಒಂದೇ ಚಿತ್ರ ಮಾಡಿಕೊಳ್ಳಬಹುದು. ನಿಕಾನ್ 2024ರ ಫೆಬ್ರವರಿಯ ಫರ್ಮ್‌ವೇರ್‌ನಲ್ಲಿ, ಅಂದರೆ ಕ್ಯಾಮೆರಾದೊಳಗಿನ ತಂತ್ರಾಂಶದ ಹೊಸ ಆವೃತ್ತಿಯಲ್ಲಿ, ಝಡ್ 8ಕ್ಕೂ ಇದನ್ನು ಕೊಟ್ಟಿತು, ಅಲ್ಲಿ ಸುಮಾರು 18 ಕೋಟಿ ಬಿಂದುಗಳವರೆಗೆ ಹೋಗಬಹುದು. ಕೇಳಲು ಚೆನ್ನಾಗಿದೆ. ಆದರೆ ಈ ಹದಿನಾರು ಚಿತ್ರಗಳ ನಡುವೆ ಒಂದು ಪಾರಿವಾಳ ಹಾರಿದರೂ ಅದು ಚಿತ್ರದಲ್ಲಿ ಚೂರುಚೂರಾದ ಜಾಲರಿಯಾಗಿ ಬೀಳುತ್ತದೆ, ವಿಟಿಯಲ್ಲಿ ಪಾರಿವಾಳ ಹಾರದ ಹದಿನಾರು ಕ್ಷಣಗಳು ಸಿಗುವುದಿಲ್ಲ. ಟ್ರೈಪಾಡ್ ಇಡಲು ಮುಂಬಯಿಯ ಫುಟ್‌ಪಾತಿನಲ್ಲಿ ಜಾಗವಾಗಲಿ ಅನುಮತಿಯಾಗಲಿ ಸುಲಭವಲ್ಲ ಎಂಬುದು ಬೇರೆ ಮಾತು.

ಇನ್ನು ಠಾಣೆಯ ಖಾಡಿಗೆ, ಅಂದರೆ ಸಮುದ್ರ ಒಳನುಗ್ಗಿದ ಕೊಲ್ಲಿಗೆ ಬನ್ನಿ. ನವೆಂಬರಿನಿಂದ ಮೇವರೆಗೆ ಫ್ಲೆಮಿಂಗೊಗಳು ಬಂದಿಳಿಯುವ ಈ ಕೆಸರು ದಂಡೆಯನ್ನು 2015ರಲ್ಲಿ ಅಭಯಾರಣ್ಯವೆಂದು ಘೋಷಿಸಿದರು, 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯಿಂದ ದೋಣಿ ಹೊರಡುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ, ಸಮುದ್ರದ ಉಬ್ಬರವಿಳಿತ ಹೇಳುತ್ತದೆ. ದೋಣಿಯಲ್ಲಿ ಕುಳಿತವನಿಗೆ ಟ್ರೈಪಾಡ್ ಇಲ್ಲ, ಹಕ್ಕಿಗಳಿಗೆ ತೊಂದರೆಯಾಗದಷ್ಟು ದೂರದಲ್ಲೇ ದೋಣಿ ನಿಲ್ಲಬೇಕಾದ್ದರಿಂದ 600 ಮಿಲಿಮೀಟರ್ ಲೆನ್ಸೂ ಸಾಲದೆನಿಸುತ್ತದೆ. ಅಲ್ಲಿ ಸೋನಿಗೆ ಹೆಚ್ಚು ಬಿಂದುಗಳ ಲಾಭವಿದೆ. ಚೌಕಟ್ಟಿನ ನಡುಭಾಗವನ್ನಷ್ಟೇ ಕತ್ತರಿಸುವ ಕ್ರಾಪ್ ಮೋಡ್‌ನಲ್ಲಿಯೂ 26 ಮೆಗಾಪಿಕ್ಸೆಲ್ ಉಳಿಯುತ್ತದೆ, ನಿಕಾನಿನಲ್ಲಿ ಉಳಿಯುವುದು 19 ಚಿಲ್ಲರೆ. ದೂರದಲ್ಲಿ ತಲೆ ಕೆಳಗಾಗಿ ಮೇಯುತ್ತಿರುವ ಹಕ್ಕಿಯ ಕೊಕ್ಕು ಕಡುಗೆಂಪೋ, ಗುಲಾಬಿಯ ತುದಿಗೆ ಕಪ್ಪೋ, ಅಂದರೆ ಅದು ಚಿಕ್ಕ ಜಾತಿಯದೋ ದೊಡ್ಡದೋ ಎಂದು ಸೋನಿಯ ಚಿತ್ರದಲ್ಲಿ ಹೇಳುವುದು ಸುಲಭವಾಯಿತು. ಆದರೆ ಇದು ಬೆಳಗಿನ ಎಂಟೂವರೆಯವರೆಗಿನ ಕತೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಎಸರಿನ ಆವಿಯಂತೆ ನಡುಗತೊಡಗುತ್ತದೆ, ಆಗ 61 ಆದರೂ ಅಷ್ಟೇ, 45 ಆದರೂ ಅಷ್ಟೇ.

ಹಿಂಡು ಎದ್ದಾಗ ಲೆಕ್ಕ ಪೂರ್ತಿ ಬದಲಾಗುತ್ತದೆ. ಫ್ಲೆಮಿಂಗೊ ಥಟ್ಟನೆ ಹಾರುವ ಹಕ್ಕಿಯಲ್ಲ, ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಿ ಆಮೇಲೆ ಏಳುತ್ತದೆ. ಆ ಓಟದ ಮೊದಲ ಹೆಜ್ಜೆಯಲ್ಲಿ ಸಿಡಿಯುವ ನೀರೇ ನನಗೆ ಬೇಕಾದ ಚಿತ್ರ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಸೆಕೆಂಡಿನ ಕಾಲುಭಾಗವಾದರೂ ಕಳೆದಿರುತ್ತದೆ, ಮೊದಲ ಹೆಜ್ಜೆ ಆಗಲೇ ಮೂರನೆಯದಾಗಿರುತ್ತದೆ. ಝಡ್ 8ರಲ್ಲಿ ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವ ಮೊದಲಿನ ಒಂದು ಸೆಕೆಂಡಿನವರೆಗಿನ ಚಿತ್ರಗಳನ್ನೂ ಅದು ಉಳಿಸಿಕೊಡುತ್ತದೆ. ಸೋನಿ ಎ7ಆರ್ 5ರಲ್ಲಿ ಈ ಸೌಲಭ್ಯವಿಲ್ಲ. ನಿಕಾನಿನ ಈ ಉಪಕಾರವೂ ಜೆಪೆಗ್ ಚಿತ್ರಗಳಿಗೆ ಮಾತ್ರ ಸೀಮಿತ, ಸೆನ್ಸರ್ ಓದಿದ್ದನ್ನು ಹಾಗೆಯೇ ಇಡುವ ರಾ ಫೈಲಿಗೆ ಇಲ್ಲ ಎಂಬುದು ನನ್ನ ಹಳೆಯ ಗೊಣಗಾಟ. ಬಿಳಿ ಗುಲಾಬಿ ರೆಕ್ಕೆಗಳ ಮೇಲೆ ಬಿಸಿಲು ಬಿದ್ದಾಗ ಜೆಪೆಗ್‌ನಲ್ಲಿ ಸುಟ್ಟುಹೋದ ಬಿಳುಪನ್ನು ಆಮೇಲೆ ಹಿಂದಕ್ಕೆ ತರಲಾಗುವುದಿಲ್ಲ. ಅದನ್ನು ಬಿಟ್ಟರೆ ನಿಕಾನ್ ಸೆಕೆಂಡಿಗೆ 20 ರಾ ಚಿತ್ರಗಳನ್ನು, ಕಣ್ಣಿಟ್ಟು ನೋಡುವ ವ್ಯೂಫೈಂಡರಿನ ದೃಶ್ಯ ಒಮ್ಮೆಯೂ ಮಿಣುಕದಂತೆ ತೆಗೆಯುತ್ತದೆ. ಸೋನಿಯ ಯಾಂತ್ರಿಕ ಶಟರ್ ಕಂಪ್ರೆಸ್ ಮಾಡಿದ ರಾದಲ್ಲಿ 10 ತೆಗೆಯುತ್ತದೆ, ಗುಣಮಟ್ಟ ಕಳೆಯದ ರಾ ಬೇಕೆಂದರೆ ವೇಗ ಇನ್ನೂ ಇಳಿಯುತ್ತದೆ. ಅದರ ಎಲೆಕ್ಟ್ರಾನಿಕ್ ಶಟರಿನಲ್ಲಿ ಹಾರುವ ಹಕ್ಕಿಯ ರೆಕ್ಕೆ ರಬ್ಬರಿನಂತೆ ಬಾಗಿ ಬಂದದ್ದನ್ನು ನೀವೂ ನೋಡಿದಿರಿ, ಸಭೆಯಲ್ಲಿ ನಗು ಎದ್ದದ್ದೂ ಆಗಲೇ.

ಒಬ್ಬರು ತೂಕದ ಬಗ್ಗೆ ಕೇಳಿದರು. ಬ್ಯಾಟರಿ, ಕಾರ್ಡ್ ಸೇರಿ ಸೋನಿ 723 ಗ್ರಾಂ, ನಿಕಾನ್ 910. ಸಂಜೆ ದಾದರಿನಲ್ಲಿ ಲೋಕಲ್ ಹತ್ತುವವನಿಗೆ ಇದು ಗೊತ್ತಾಗುವ ವ್ಯತ್ಯಾಸವೇ. ಆದರೆ ಹಕ್ಕಿಗೆಂದು ಸೋನಿಗೆ 200-600ರ ಲೆನ್ಸ್ ಹಾಕಿದರೆ, ಟ್ರೈಪಾಡಿಗೆ ಕೂರಿಸುವ ಕಾಲು ಬಿಚ್ಚಿದ ಮೇಲೂ ಅದರ ತೂಕ 2115 ಗ್ರಾಂ. ನಿಕಾನಿನ 180-600 ಕಾಲರ್ ಇಲ್ಲದೆ 1955. ಕೂಡಿಸಿ ನೋಡಿದರೆ ಒಂದು 2838, ಇನ್ನೊಂದು 2865. ಉಳಿದದ್ದು ಒಂದು ಬಿಸ್ಕತ್ತಿನ ಪೊಟ್ಟಣಕ್ಕಿಂತ ಕಡಿಮೆ. ಲೆನ್ಸುಗಳ ಆಯ್ಕೆಯಲ್ಲಿ ಮಾತ್ರ ಸೋನಿಯ ಕಡೆ ಮೇಲುಗೈ ಇದೆ. ಸಿಗ್ಮಾ, ಟ್ಯಾಮ್ರಾನ್ ಮುಂತಾದವರು ವರ್ಷಗಳಿಂದ ಅದಕ್ಕೆ ಲೆನ್ಸ್ ಮಾಡುತ್ತಿದ್ದಾರೆ, ಕೈಗೆಟುಕುವ ಬೆಲೆಯ ಒಳ್ಳೆಯ ಲೆನ್ಸ್ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬಯಸುವ ಜಾಗ, ಯಕ್ಷಗಾನ. ತುಳುನಾಡಿನಲ್ಲಿ ಆಟಗಳ ಋತು ಮುಗಿಯುವ ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ, ಜೂನ್‌ನಿಂದ ಒಂದಲ್ಲ ಒಂದು ಸಭಾಗೃಹದಲ್ಲಿ ಚೆಂಡೆ ಕೇಳುತ್ತಲೇ ಇರುತ್ತದೆ. ಈ ನಗರದ ಕನ್ನಡಿಗರಿಗೂ ತುಳುವರಿಗೂ ಮಳೆಗಾಲ ಎಂದರೆ ಕೊಡೆಯಷ್ಟೇ ಆಟವೂ ಹೌದು. ಕ್ಯಾಮೆರಾದವನಿಗೆ ಮಾತ್ರ ಇದು ಅತ್ಯಂತ ಕಠಿಣ ಪರೀಕ್ಷೆ. ಬೆಳಕು ಕಡಿಮೆ, ಬಣ್ಣ ಹೆಚ್ಚು, ವೇಷ ನಿಂತಲ್ಲಿ ನಿಲ್ಲುವುದಿಲ್ಲ. ಭಾಗವತರು ಏರು ಪದ್ಯ ಹಾಡುವಾಗ ಚೆಂಡೆಯ ಮರೆಯಲ್ಲಿ ಏನು ಸದ್ದು ಮಾಡಿದರೂ ನಡೆಯುತ್ತದೆ, ಕರುಣರಸದ ಪದ್ಯವನ್ನು ಎಳೆದು ಹಾಡುವಾಗ ಮೊದಲ ಸಾಲಿನಿಂದ ಒಂದು ಟಕ್ ಎಂದರೆ ನೂರು ತಲೆಗಳು ಇತ್ತ ತಿರುಗುತ್ತವೆ.

ಹಾಗೆ ತಲೆಗಳು ತಿರುಗಬಾರದೆಂದು ಎರವಲು ತಂದ ಸೋನಿಯನ್ನು ಒಂದು ಸಂಜೆ ಸದ್ದಿಲ್ಲದ ಮೋಡ್‌ಗೆ ಹಾಕಿದೆ. ದಮಯಂತಿಯ ಶೋಕ, ಒಳ್ಳೆಯ ಕಲಾವಿದರು, ಕಣ್ಣಂಚಿನ ನೀರು ಸಹ ವ್ಯೂಫೈಂಡರಿನಲ್ಲಿ ಕಾಣುತ್ತಿತ್ತು. ಸೋನಿಯ ವ್ಯೂಫೈಂಡರಿಗೆ 94 ಲಕ್ಷ ಚುಕ್ಕಿಗಳು, ನಿಕಾನಿನದಕ್ಕೆ 37 ಲಕ್ಷದಷ್ಟು ಮಾತ್ರ, ಸೋನಿಯದರೊಳಗೆ ನೋಡುವುದೇ ಒಂದು ಸುಖ. ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದು ರಾತ್ರಿ ಒಂದು ಗಂಟೆಗೆ ಮನೆಗೆ ಬಂದು ತೆರೆದು ನೋಡಿದರೆ ಆ ಪ್ರಸಂಗದ ಪ್ರತಿ ಚಿತ್ರದ ಮೇಲೂ ಅಡ್ಡಡ್ಡ ಪಟ್ಟೆಗಳು. ದಮಯಂತಿಯ ಮುಖ ಜಂಖಾನೆಯ ಹಿಂದಿನಿಂದ ಇಣುಕಿದಂತಿತ್ತು. ತಪ್ಪು ಕ್ಯಾಮೆರಾದ್ದಲ್ಲ, ಅದರ ಗುಣ ಗೊತ್ತಿದ್ದೂ ಮರೆತ ನನ್ನದು. ಪ್ರಾಯೋಜಕರಿಗೆ ಕೊಡಲು ಅಂದು ಎರಡನೆಯ ಪ್ರಸಂಗದ ಚಿತ್ರಗಳು ಮಾತ್ರ ಉಳಿದವು.

ಪಟ್ಟೆಗಳು ಬಂದ ಬಗೆ ಹೀಗಿದೆ. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅದರಲ್ಲಿ ನೇರ ಉರಿಯುವ ಅಗ್ಗದ ದೀಪ ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ನಮ್ಮ ಕಣ್ಣು ಅದನ್ನು ನೋಡುವುದಿಲ್ಲ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಓದುವ ಸೆನ್ಸರ್ ಅದರ ಹತ್ತು ಏರಿಳಿತಗಳನ್ನು ಹತ್ತು ಪಟ್ಟೆಗಳಾಗಿ ಬರೆದುಕೊಳ್ಳುತ್ತದೆ. ವೇದಿಕೆಯ ಬಣ್ಣದ ಎಲ್‌ಇಡಿಗಳನ್ನು ಮಂಕು ಮಾಡುವುದೇ ಅವನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸುವ ಮೂಲಕ, ಹಾಗಾಗಿ ಅಲ್ಲಿ ಪಟ್ಟೆಗಳು ಬಾಚಣಿಗೆಯ ಹಲ್ಲಿನಷ್ಟು ಒತ್ತಾಗುತ್ತವೆ. ನಿಕಾನ್ ಓದಿ ಮುಗಿಸುವಷ್ಟರಲ್ಲಿ ಅಗ್ಗದ ದೀಪದ ಒಂದು ಏರಿಳಿತದ ಮೂರನೆಯ ಒಂದು ಭಾಗವಷ್ಟೇ ಕಳೆದಿರುತ್ತದೆ. ಪಟ್ಟೆಗಳ ಬದಲಿಗೆ ಒಂದು ಚಿತ್ರ ಸ್ವಲ್ಪ ಬೆಳಕು, ಮುಂದಿನದು ಸ್ವಲ್ಪ ಮಂಕು ಎಂದಾಗುತ್ತದೆ, ಅದನ್ನು ಆಮೇಲೆ ಸರಿಪಡಿಸಬಹುದು. ಬಣ್ಣದ ಎಲ್‌ಇಡಿಯಲ್ಲಿ ನಿಕಾನಿಗೂ ಪಟ್ಟೆ ತಪ್ಪಿದ್ದಲ್ಲ, ಕೆಲವೇ ಇರುತ್ತವೆ, ಅಗಲವಾಗಿರುತ್ತವೆ. ಎರಡೂ ಕ್ಯಾಮೆರಾಗಳಲ್ಲಿ ಶಟರ್ ವೇಗವನ್ನು ದಶಾಂಶದ ಮಟ್ಟಕ್ಕೆ ತಿದ್ದಿ ದೀಪದ ತಾಳಕ್ಕೆ ಹೊಂದಿಸುವ ಏರ್ಪಾಟಿದೆ, ಪೂರ್ವರಂಗ ನಡೆಯುವಾಗಲೇ ಇದನ್ನು ಮಾಡಿಕೊಂಡುಬಿಡುವುದು ಈಗ ನನ್ನ ರೂಢಿ.

ಧೀಂಗಿಣದ ಮಾತು ಬೇರೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ತರುಣ ವೀರನ ಪಾತ್ರದ ಪುಂಡುವೇಷಧಾರಿ ಗಾಳಿಯಲ್ಲಿ ಸುತ್ತಿ ಸುತ್ತಿ ಹಾರುವಾಗ ಕಾಲು ಎರಡೂ ನೆಲ ಬಿಟ್ಟು, ಮುಖ ಸಭೆಯ ಕಡೆ ತಿರುಗಿ, ಕೈ ಚಾಚಿರುವ ಕ್ಷಣ ಪ್ರತಿ ಸುತ್ತಿನಲ್ಲೂ ಒಂದೇ ಸಲ ಬರುತ್ತದೆ. ಸೆಕೆಂಡಿಗೆ 20ರ ವೇಗದಲ್ಲಿ ಅದು ಬಹುಪಾಲು ಸಿಗುತ್ತದೆ, 10ರಲ್ಲಿ ಅದೃಷ್ಟ ಬೇಕು. ಫೋಕಸಿನ ವಿಷಯದಲ್ಲಿ ನಾನು ನಿರೀಕ್ಷಿಸಿದ್ದು ಸುಳ್ಳಾಯಿತು. ನಿಕಾನೇ ಮೇಲೆಂದು ತಿಳಿದಿದ್ದೆ. ರಕ್ಕಸ ಪಾತ್ರಗಳ ಬಣ್ಣದ ವೇಷದ ಮುಖದಲ್ಲಿ ಕಣ್ಣೆಲ್ಲಿದೆ ಎಂದು ಎರಡೂ ತಡವರಿಸಿದವು, ಆದರೆ ಮೈಯ ಭಂಗಿಯನ್ನೇ ಗುರುತಿಸಲು ಕಲಿಸಿರುವ ಸೋನಿ ವೇಷ ಬೆನ್ನು ತಿರುಗಿಸಿದಾಗಲೂ ಹಿಡಿದ ಪಟ್ಟು ಬಿಡಲಿಲ್ಲ. ನಿಕಾನ್ ಎರಡು ಸಲ ಚೆಂಡೆಯವರ ಮುಖಕ್ಕೆ ಜಿಗಿಯಿತು.

ಮದುವೆಯ ಛಾಯಾಗ್ರಾಹಕರು ಸಭೆಯಲ್ಲಿ ಮೂವರಿದ್ದರು. ಅವರಿಗೆ ಹೇಳಿದ್ದು ಇಷ್ಟೇ: ಧಾರೆಯ ಹೊತ್ತಿನಲ್ಲಿ ಸದ್ದಿಲ್ಲದಿರುವುದು ನಿಕಾನಿನ ಲಾಭ, ಫ್ಲ್ಯಾಶಿಗೆ ಹೊಂದುವ ಶಟರ್ ವೇಗ ಸೋನಿಯಲ್ಲಿ ಸೆಕೆಂಡಿನ 250ರ ಒಂದು ಭಾಗದವರೆಗೆ ಸಿಗುವುದು ಸೋನಿಯ ಲಾಭ, ನಿಕಾನಿನಲ್ಲಿ ಸಾಮಾನ್ಯವಾಗಿ 200ರವರೆಗೆ. ನವಿರು ವಿವರವನ್ನು ಕೊಂಚ ಮಬ್ಬು ಮಾಡುವ ಲೋ ಪಾಸ್ ಫಿಲ್ಟರ್ ಎರಡರಲ್ಲೂ ಇಲ್ಲದ್ದರಿಂದ ರೇಷ್ಮೆ ಸೀರೆಯ ನೇಯ್ಗೆಯ ಮೇಲೆ ಬಣ್ಣದ ಅಲೆಗಳು ಏಳಬಹುದು. ಸಾವಿರಾರು ಚಿತ್ರ ತೆಗೆಯುವವರಿಗೆ 61 ಮೆಗಾಪಿಕ್ಸೆಲ್ ವರವಲ್ಲ, ಹಾರ್ಡ್‌ಡಿಸ್ಕಿನ ಶಾಪ. ಕಂಪ್ರೆಸ್ ಮಾಡದ ಒಂದು ರಾ ಫೈಲ್ 120 ಎಂಬಿ ದಾಟುತ್ತದೆ. ಬ್ಯಾಟರಿಯಲ್ಲಿ ಸೋನಿ ಮುಂದು, ನಿಕಾನ್ ಹಿಡಿದವರ ಜೇಬಿನಲ್ಲಿ ಇನ್ನೂ ಎರಡು ಇರಲೇಬೇಕು. ಮುಂಬಯಿಯ ಮಳೆಗಾಲದ ತೇವ ಯಾವ ಕಂಪನಿಯನ್ನೂ ಬಿಡುವುದಿಲ್ಲ. ನನ್ನ ಒಂದು ಹಳೆಯ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆದದ್ದು ಒಂದೇ ಆಗಸ್ಟಿನಲ್ಲಿ, ಚರ್ಮದ ಚೀಲದಲ್ಲಿ ಮುಚ್ಚಿಟ್ಟಿದ್ದಕ್ಕೆ.

ಕೊನೆಯಲ್ಲಿ ಎಲ್ಲರೂ ಕಾಯುತ್ತಿದ್ದ ಪ್ರಶ್ನೆ ಬಂತು: ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಯಾವುದು? ನಾನು ತಿಂಗಳಿಗೆ ಮೂರು ರಾತ್ರಿ ರಂಗಸ್ಥಳದ ಎದುರು ಕೂರುತ್ತೇನೆ, ಚಳಿಗಾಲದ ಭಾನುವಾರಗಳಲ್ಲಿ ಖಾಡಿಗೆ ಹೋಗುತ್ತೇನೆ. ಆದ್ದರಿಂದ ನನಗೆ ನಿಕಾನ್. ಕಟ್ಟಡ, ನಿಸರ್ಗದೃಶ್ಯ, ವ್ಯಕ್ತಿಚಿತ್ರ, ದೊಡ್ಡ ಮುದ್ರಣ ಇವುಗಳಲ್ಲೇ ಇರುವವರು ನನ್ನ ಮಾತು ಕೇಳಿ ಝಡ್ 8 ಕೊಂಡರೆ ಅವರಿಗೆ ನಾನು ಅನ್ಯಾಯ ಮಾಡಿದಂತೆ.

ಸೋನಿಯನ್ನು ಹಿಂದಿರುಗಿಸುವ ಮುಂಚಿನ ಒಂದು ಮಧ್ಯಾಹ್ನ ಅದನ್ನು ರಂಗಸ್ಥಳಕ್ಕೆ ಒಯ್ಯದೆ ಚೌಕಿಯಲ್ಲೇ ಇಟ್ಟುಕೊಂಡಿದ್ದೆ. ಬಣ್ಣದ ವೇಷಧಾರಿಯೊಬ್ಬರು ಅಕ್ಕಿಹಿಟ್ಟು ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯಿಂದ ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ಎಬ್ಬಿಸುತ್ತಾ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕುಳಿತಿದ್ದರು. ಕಿಟಕಿಯ ಬೆಳಕು, ಅಲುಗದ ಮುಖ, ಯಾರೂ ಅವಸರ ಮಾಡುತ್ತಿರಲಿಲ್ಲ. ಸೆನ್ಸರ್ ಎಷ್ಟು ನಿಧಾನವಾಗಿ ಓದಿದರೂ ಅಲ್ಲಿ ಕೇಳುವವರಿಲ್ಲ. ಟ್ರೈಪಾಡ್ ಇಲ್ಲದೆ ಸೆಕೆಂಡಿನ 15ರ ಒಂದು ಭಾಗದಲ್ಲಿ, ಎಫ್ 5.6ರಲ್ಲಿ ತೆಗೆದ ಆ ಚಿತ್ರವನ್ನು ಮೂವತ್ತು ಇಂಚು ಅಗಲಕ್ಕೆ ಮುದ್ರಿಸಿ ಮುಂದಿನ ಆಟದ ದಿನ ಅವರ ಕೈಗೆ ಕೊಟ್ಟೆ. ಅವರು ಅದನ್ನು ಗೋಡೆಗೆ ಒರಗಿಸಿ, ಹತ್ತಿರ ಹೋಗಿ, ಒಂದೊಂದು ಮುಳ್ಳನ್ನೂ ಬೆರಳಿಟ್ಟು ಎಣಿಸಿದರು. ಎಡಗೆನ್ನೆಯಲ್ಲಿ ಒಂದು ಕಡಿಮೆ ಬಿದ್ದಿದೆ ಎಂದು ಹೇಳಿ, ಬಣ್ಣದ ಪೆಟ್ಟಿಗೆ ತೆರೆದು ಆ ದಿನದ ವೇಷಕ್ಕೆ ಕುಳಿತರು.